ಒಂದೇ ಬೆರಳಿನ ಜೇಮರ್ಸನ್

ಕವರ್ ಬ್ಯಾಂಡಿಗೆ ಹೊಸದಾಗಿ ಸೇರಿದ ಬೇಸ್ ವಾದಕನಿಗೆ ಹಿರಿಯರು ಕೊಡುವ ಸಲಹೆ ಹೆಚ್ಚುಕಡಿಮೆ ಒಂದೇ: ‘ಕಷ್ಟದ್ದು ಬಂದಾಗ ರೂಟ್ ನೋಟ್ ಹಿಡ್ಕೊಂಡು ಹೋಗ್ತಾ ಇರು ಮಾರಾಯ, ಬೇಸ್ ಯಾರು ಕೇಳ್ತಾರೆ?’ ಅಂದರೆ ಕಾರ್ಡಿನ ಮೂಲಸ್ವರವನ್ನಷ್ಟೇ ನುಡಿಸು ಎಂದು. ಶನಿವಾರ ರಾತ್ರಿ ಇಂದಿರಾನಗರದ ಪಬ್ಬಿನಲ್ಲೋ, ಯಾರದೋ ಆರತಕ್ಷತೆಯಲ್ಲೋ ಇಪ್ಪತ್ತು ಮೂವತ್ತು ಹಾಡು ನುಡಿಸಬೇಕಾದವರಿಗೆ ಇದು ಅನುಕೂಲದ ಮಾತು. ಆದರೆ ಈ ಮಾತು ಪಾಲಿಸುವ ಬ್ಯಾಂಡುಗಳನ್ನು ಕೇಳಿ ನೋಡಿ. ಗಾಯಕ ಚೆನ್ನಾಗಿರುತ್ತಾನೆ, ಗಿಟಾರ್ ಸೋಲೋ ಅಚ್ಚುಕಟ್ಟಾಗಿರುತ್ತದೆ, ಆದರೂ ಯಾರೂ ಕುರ್ಚಿ ಬಿಟ್ಟು ಏಳುವುದಿಲ್ಲ. ಕೇಳುಗನಿಗೆ ಬೇಸ್ ಬೇರೆಯಾಗಿ ಕೇಳಿಸದಿರಬಹುದು. ಅದು ತೆಳುವಾದದ್ದು ಮಾತ್ರ ಅವನ ಕಾಲಿಗೆ ತಕ್ಷಣ ತಿಳಿಯುತ್ತದೆ.

ನಾನು ನಂಬಿರುವ ಕ್ರಮ ಬೇರೆ. ಕಷ್ಟದ ಬೇಸ್ ಭಾಗವನ್ನು ಮೊದಲು ಇಡಿಯಾಗಿ, ಒಂದು ಸ್ವರವೂ ಬಿಡದಂತೆ ಕಲಿಯಬೇಕು. ಬಿಡುವುದೇನಿದ್ದರೂ ಆಮೇಲೆ. ಇದನ್ನು ಹೇಳಲು ಮಾರ್ವಿನ್ ಗೇ ಹಾಡಿದ ‘ವಾಟ್ಸ್ ಗೋಯಿಂಗ್ ಆನ್’ಗಿಂತ ಒಳ್ಳೆಯ ಹಾಡು ನನಗೆ ಗೊತ್ತಿಲ್ಲ. 1971ರಲ್ಲಿ ಡೆಟ್ರಾಯಿಟ್‌ನ ಮೋಟೌನ್ ಕಂಪನಿ ಹೊರತಂದ ಹಾಡು. ಬೇಸ್ ನುಡಿಸಿದವರು ಜೇಮ್ಸ್ ಜೇಮರ್ಸನ್.

ಜೇಮರ್ಸನ್ ಹುಟ್ಟಿದ್ದು 1936ರಲ್ಲಿ, ಅಮೆರಿಕದ ದಕ್ಷಿಣ ಕ್ಯಾರೊಲಿನಾದಲ್ಲಿ. ಹದಿಹರೆಯದಲ್ಲಿ ಡೆಟ್ರಾಯಿಟ್‌ಗೆ ಬಂದು, ಶಾಲೆಯಲ್ಲಿ ಕಲಿತದ್ದು ಆಳೆತ್ತರದ ಡಬಲ್ ಬೇಸ್. ಆಮೇಲೆ ಕೈಗೆ ಬಂದ ಎಲೆಕ್ಟ್ರಿಕ್ ಬೇಸನ್ನೂ ಅವರು ಅದೇ ಕೈಯಿಂದ ನುಡಿಸಿದರು. ಬಲಗೈಯ ತೋರುಬೆರಳು ಒಂದೇ ಅವರ ಆಯುಧ. ಜೊತೆಗಾರರು ಅದಕ್ಕೆ ‘ಹುಕ್’ ಎಂದೇ ಹೆಸರಿಟ್ಟಿದ್ದರು. ವಾದ್ಯ 1962ರ ಫೆಂಡರ್ ಪ್ರಿಸಿಷನ್. ತಂತಿಗಳು ದಪ್ಪನೆಯ ಫ್ಲಾಟ್‌ವೌಂಡ್, ತುಂಡಾಗುವವರೆಗೆ ಬದಲಿಸುತ್ತಿರಲಿಲ್ಲ. ಬ್ರಿಡ್ಜಿನ ಮೇಲಿನ ಲೋಹದ ಮುಚ್ಚಳದ ಕೆಳಗೆ ಸ್ಪಂಜಿನ ತುಂಡು ಇರುತ್ತಿತ್ತು. ಹೀಗಾಗಿ ಸ್ವರ ಹುಟ್ಟುವಾಗ ಗುಂಡಗೆ, ಮುಗಿಯುವಾಗ ಮೊಂಡಾಗಿ ಕೇಳುತ್ತದೆ. ಮೋಟೌನ್‌ನ ಅಸಂಖ್ಯ ಹಾಡುಗಳ ತಳದಲ್ಲಿ ಇದೇ ನಾದ ಇದ್ದರೂ ರೆಕಾರ್ಡಿನ ಹೊದಿಕೆಯ ಮೇಲೆ ವಾದಕರ ಹೆಸರು ಅಚ್ಚಾಗಲು ಈ ಹಾಡಿನ ಹೆಸರಿನದೇ 1971ರ ಆಲ್ಬಂ ಬರಬೇಕಾಯಿತು. ರೆಕಾರ್ಡಿಂಗ್ ರಾತ್ರಿ ಕೂರಲಾಗದಷ್ಟು ಕುಡಿದಿದ್ದ ಜೇಮರ್ಸನ್ ನೆಲದ ಮೇಲೆ ಅಂಗಾತ ಮಲಗಿ ಈ ಹಾಡು ನುಡಿಸಿದರು ಎಂಬ ಕಥೆ ಬೇಸ್ ವಾದಕರ ನಡುವೆ ಇಂದಿಗೂ ಓಡಾಡುತ್ತದೆ. 1983ರಲ್ಲಿ, ಇನ್ನೂ ಐವತ್ತು ತುಂಬುವ ಮೊದಲೇ ಅವರು ತೀರಿಕೊಂಡರು. ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಅವರನ್ನು ಸೇರಿಸಿಕೊಂಡದ್ದು 2000ದಲ್ಲಿ.

ಈಗ ಹಾಡಿನೊಳಗೆ ಇಳಿಯೋಣ. ಚರಣದ ಬಹುಭಾಗ ಎರಡು ಕಾರ್ಡುಗಳ ನಡುವೆ ಓಡಾಡುತ್ತದೆ: ಇ ಮೇಜರ್ ಸೆವೆನ್ತ್, ಸಿ ಶಾರ್ಪ್ ಮೈನರ್ ಸೆವೆನ್ತ್. ಮೊದಲನೆಯದರಲ್ಲಿ ಇರುವುದು ಇ, ಜಿ ಶಾರ್ಪ್, ಬಿ, ಡಿ ಶಾರ್ಪ್. ಎರಡನೆಯದರಲ್ಲಿ ಸಿ ಶಾರ್ಪ್, ಇ, ಜಿ ಶಾರ್ಪ್, ಬಿ. ನಾಲ್ಕರಲ್ಲಿ ಮೂರು ಸ್ವರ ಎರಡಕ್ಕೂ ಸಮಾನ. ಗಿಟಾರ್, ಕೀಬೋರ್ಡ್ ಏನೇ ನುಡಿಸಲಿ, ಈಗ ನಾವು ಯಾವ ಕಾರ್ಡಿನಲ್ಲಿದ್ದೇವೆ ಎಂದು ತೀರ್ಮಾನಿಸುವುದು ಕೆಳಗಿನ ಬೇಸ್ ಸ್ವರ. ಅದು ಒಂದು ಕೂದಲೆಳೆ ತಡವಾದರೂ ಹಾಡು ಹಿಂದಿನ ಮನೆಯಲ್ಲೇ ನಿಂತಂತೆ ಕೇಳುತ್ತದೆ. ಆದ್ದರಿಂದ ಮೊದಲ ಕೆಲಸ, ಇಡೀ ಭಾಗದಲ್ಲಿ ಭಾರ ಹೊರುವ ಸ್ವರಗಳು ಯಾವುವು, ಅವುಗಳ ನಡುವೆ ಓಡಾಡುವ ಸ್ವರಗಳು ಯಾವುವು ಎಂದು ಬೇರ್ಪಡಿಸಿಕೊಳ್ಳುವುದು. ರೂಟ್ ನೋಟ್ ಸಾಕು ಎನ್ನುವವರು ಮೊದಲ ಗುಂಪನ್ನು ಉಳಿಸಿಕೊಂಡು ಎರಡನೆಯದನ್ನು ಎಸೆಯುತ್ತಾರೆ. ಜೇಮರ್ಸನ್ ಹಾಡನ್ನು ಮುಂದಕ್ಕೆ ತಳ್ಳುವುದು ಆ ಎರಡನೆಯ ಗುಂಪಿನಿಂದಲೇ.

ಕೇಳುವುದೇ ಇಲ್ಲಿ ದೊಡ್ಡ ತೊಡಕು. ಬೇಸಿನ ತೀರಾ ಕೆಳಗಿನ ಇ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಮೊಬೈಲಿನ ಸ್ಪೀಕರಿಗೆ ಅದನ್ನು ಹೊರಡಿಸುವ ಶಕ್ತಿ ಇಲ್ಲ. ನಮಗೆ ಕೇಳುವುದು ಆ ಸ್ವರದ ಮೇಲಿನ ಅನುರಣನಗಳು ಮಾತ್ರ. ಹಾಗಾಗಿ ಫೋನಿನಲ್ಲಿ ಹಾಡು ಹಾಕಿ ಬೇಸ್ ಹಿಡಿಯಲು ಕೂರಬೇಡಿ. ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ಈಚೆಗೆ ಹಾಡಿನಿಂದ ಒಂದೊಂದು ವಾದ್ಯವನ್ನು ಬಿಡಿಸಿ ಕೊಡುವ ಆ್ಯಪ್‌ಗಳೂ ಬಂದಿವೆ. ಅವುಗಳಲ್ಲಿ ಕೇಳಿದಾಗ ಡ್ರಮ್ಮಿನ ಅಡಿಯಲ್ಲಿ ಹೂತುಹೋಗಿದ್ದ ಸತ್ತ ಸ್ವರಗಳು, ನಾವು ಗೋಸ್ಟ್ ನೋಟ್ ಎನ್ನುವ ಆ ‘ಟಪ್’ಗಳು, ಮೊದಲ ಸಲ ಕಿವಿಗೆ ಬೀಳುತ್ತವೆ. ಅಂತರ್ಜಾಲದ ಟ್ಯಾಬ್ ಹಾಳೆಗಳನ್ನು ನಂಬಿ ಕೂರುವವರಿಗೆ ಅವು ಸಿಗುವುದಿಲ್ಲ. ಟ್ಯಾಬ್ ಹೇಳುವುದು ಬೆರಳು ಎಲ್ಲಿ ಇಡಬೇಕು ಎಂಬುದನ್ನಷ್ಟೇ. ಸ್ವರ ಎಲ್ಲಿಯವರೆಗೆ ಬದುಕಿರಬೇಕು ಎಂಬ ಮುಖ್ಯ ಪ್ರಶ್ನೆಗೆ ಅದರಲ್ಲಿ ಉತ್ತರ ಇರುವುದು ಅಪರೂಪ.

ಕೇಳಿದ್ದನ್ನು ಬೇಸಿಗೆ ತರುವ ಮೊದಲು ಬಾಯಿಗೆ ತರಬೇಕು. ಇದರಲ್ಲಿ ನಾನು ಯಾವ ರಾಜಿಗೂ ಒಪ್ಪುವುದಿಲ್ಲ. ಒಂದು ಸ್ಥಾಯಿ ಮೇಲಕ್ಕೆ ಎತ್ತಿಕೊಂಡು ಹಾಡಿ. ಕಂಠ ಚೆನ್ನಾಗಿರಬೇಕಿಲ್ಲ, ಲಯ ಸರಿಯಿದ್ದರೆ ಸಾಕು. ನಮ್ಮಲ್ಲಿ ಇದಕ್ಕೆ ಸಿದ್ಧ ಸಾಧನವಿದೆ. ಒಂದು ತಾಳದ ಹೊಡೆತವನ್ನು ನಾಲ್ಕಾಗಿ ಸೀಳಿ ‘ತಕಧಿಮಿ’ ಎಂದುಕೊಳ್ಳಿ. ಪಾಠ ಹೇಳಿಕೊಟ್ಟಂತೆ ನುಡಿಸುವ ಬೇಸ್ ವಾದಕನ ಸ್ವರಗಳು ‘ತ’ ಮತ್ತು ‘ಧಿ’ ಮೇಲೆ ಬೀಳುತ್ತವೆ. ಜೇಮರ್ಸನ್ ಮತ್ತೆ ಮತ್ತೆ ‘ಕ’ ಮತ್ತು ‘ಮಿ’ ಮೇಲೆ ಹೊಡೆಯುತ್ತಾರೆ, ಅಲ್ಲಿಂದ ಮುಂದಿನ ಹೊಡೆತದ ಮೇಲೆ ಹಾಯುತ್ತಾರೆ. ಕೈಯಲ್ಲಿ ತಾಳ ಹಾಕುತ್ತಾ, ಬಾಯಲ್ಲಿ ತಕಧಿಮಿ ಹೇಳುತ್ತಾ, ಸ್ವರ ಇರುವ ಅಕ್ಷರಗಳನ್ನು ಮಾತ್ರ ಒತ್ತಿ ಹೇಳಿದರೆ ಮಹಾ ಗೋಜಲು ಅನ್ನಿಸಿದ ಸಾಲು ಬಿಡಿಬಿಡಿಯಾಗಿ ತೆರೆದುಕೊಳ್ಳುತ್ತದೆ. ಅಮೆರಿಕದ ಸಂಗೀತ ತರಗತಿಗಳಲ್ಲೂ 1990ರ ದಶಕದಿಂದ ಈ ಅಕ್ಷರಗಳನ್ನೇ ಎರವಲು ಪಡೆದು, ಇದೇ ಹೆಸರಿನಲ್ಲಿ ಲಯ ಕಲಿಸುವ ಪದ್ಧತಿಯೊಂದು ಬಳಕೆಯಲ್ಲಿದೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿ ಬೆಳೆದವರು ಈ ಕೆಲಸಕ್ಕೆ ಅರ್ಧ ತಯಾರಾಗಿಯೇ ಬಂದಿರುತ್ತಾರೆ.

ಇನ್ನು ಎಡಗೈ. ಮಾಮೂಲಿ ಬೇಸಿನ ತಂತಿಯ ಉದ್ದ 34 ಇಂಚು. ತಲೆಯ ಕಡೆಯ ನಟ್‌ನಿಂದ ಮೊದಲ ಫ್ರೆಟ್ಟಿಗೆ ಸುಮಾರು 48 ಮಿಲಿಮೀಟರ್. ಸಾಮಾನ್ಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಅದು 36ರ ಆಸುಪಾಸು. ಒಂದು ಫ್ರೆಟ್ಟಿಗೆ ಒಂದು ಬೆರಳು ಎಂಬ ಗಿಟಾರಿನ ಪದ್ಧತಿಯನ್ನು ಬೇಸಿನ ಕೆಳಗಿನ ಫ್ರೆಟ್ಟುಗಳಲ್ಲಿ ಹಟ ಹಿಡಿದು ಸಾಧಿಸುವವರ ಮಣಿಕಟ್ಟು ಎರಡನೇ ಸೆಟ್ ಹೊತ್ತಿಗೆ ನೋಯತೊಡಗುತ್ತದೆ. ಡಬಲ್ ಬೇಸಿನವರ ದಾರಿ ಜಾಣತನದ್ದು. ಅವರು ಉಂಗುರಬೆರಳನ್ನೂ ಕಿರುಬೆರಳನ್ನೂ ಒಟ್ಟಿಗೆ ಒಂದೇ ಬೆರಳಿನಂತೆ ಇಡುತ್ತಾರೆ, ನಾಲ್ಕು ಫ್ರೆಟ್ ಚಾಚುವ ಬದಲು ಮೂರರಲ್ಲಿ ನಿಂತು ಕೈಯನ್ನೇ ಸರಿಸುತ್ತಾರೆ. ಜೇಮರ್ಸನ್ ಆ ಶಾಲೆಯವರು. ಕೈ ಸರಿಯುವ ಆ ಕ್ಷಣದಲ್ಲಿ ಬೆರಳೇ ಬೇಡದ ಖಾಲಿ ತಂತಿಯೊಂದನ್ನು ಮೀಟಿ ಸಮಯ ಗಳಿಸಿಕೊಳ್ಳುವುದು ಅವರ ಇನ್ನೊಂದು ಗುಟ್ಟು. ಕಾರ್ಡಿಗೆ ಸೇರದ ಖಾಲಿ ತಂತಿಯನ್ನೂ ಅವರು ಹಾದುಹೋಗುವ ಸ್ವರವಾಗಿ ಬಳಸುತ್ತಾರೆ, ಅದು ತಪ್ಪು ಅನ್ನಿಸುವ ಮೊದಲೇ ಸರಿಯಾದ ಸ್ವರ ಬಂದಿರುತ್ತದೆ.

ಇದು ಗೊತ್ತಿಲ್ಲದೆ ಕವರ್ ಬ್ಯಾಂಡುಗಳು ಮಾಡುವ ಅನಾಹುತ ಒಂದಿದೆ. ಗಾಯಕನಿಗೆ ಎತ್ತರದ ಸ್ವರ ಸಿಗುವುದಿಲ್ಲವೆಂದು ಹಾಡನ್ನು ಅರ್ಧ ಸ್ವರ ಕೆಳಗಿಳಿಸುತ್ತಾರೆ. ಗಿಟಾರಿನವರಿಗೆ ಕೇಪೋ ಇದೆ, ಕಾರ್ಡಿನ ಆಕಾರ ಇದೆ. ಕೀಬೋರ್ಡಿನವರಿಗೆ ಟ್ರಾನ್ಸ್‌ಪೋಸ್ ಗುಂಡಿ ಇದೆ. ಬೇಸಿನವನ ಖಾಲಿ ತಂತಿಗಳೆಲ್ಲ ಒಮ್ಮೆಗೇ ಕೈಬಿಟ್ಟುಹೋಗುತ್ತವೆ. ಇಂಥ ಹಾಡುಗಳಿಗೆ ಇಡೀ ಬ್ಯಾಂಡ್ ತಂತಿಗಳನ್ನೇ ಅರ್ಧ ಸ್ವರ ಸಡಿಲಿಸಿ ಶ್ರುತಿ ಮಾಡಿಕೊಳ್ಳುವುದೇ ಸರಿ, ಅಥವಾ ಬೇಸಿನವನು ಎರಡನೆಯ ವಾದ್ಯವೊಂದನ್ನು ಹಾಗೆ ಶ್ರುತಿ ಮಾಡಿ ಇಟ್ಟುಕೊಳ್ಳಬೇಕು. ಐದು ತಂತಿಯ ಬೇಸ್ ಇದಕ್ಕೆ ಪರಿಹಾರ ಎನ್ನುವವರಿದ್ದಾರೆ. ನನಗೆ ಹಾಗೆ ಅನ್ನಿಸಿಲ್ಲ. ಅದು ಕೆಳಗೆ ಜಾಗ ಕೊಡುತ್ತದೆ, ಖಾಲಿ ತಂತಿಯ ಬಿಡುವನ್ನು ಮರಳಿ ಕೊಡುವುದಿಲ್ಲ.

ಸ್ವರ ಹುಟ್ಟಿಸುವುದಕ್ಕಿಂತ ಕೊಲ್ಲುವುದು ಕಷ್ಟ. ಟವರ್ ಆಫ್ ಪವರ್ ತಂಡದ ‘ವಾಟ್ ಈಸ್ ಹಿಪ್?’ (1973) ಕಲಿಯಲು ಹೋದವರಿಗೆ ಇದು ಮೈಗೆ ತಟ್ಟುತ್ತದೆ. ರಾಕ್ಕೊ ಪ್ರೆಸ್ಟಿಯಾ ಅಲ್ಲಿ ಬಹಳ ಹೊತ್ತು ಒಂದೇ ಸ್ವರವನ್ನು ತಕಧಿಮಿಯ ನಾಲ್ಕೂ ಅಕ್ಷರದ ಮೇಲೆ ನುಡಿಸುತ್ತಾರೆ. ಕಾಗದದ ಮೇಲೆ ನೋಡಿದರೆ ಮಗುವಿನ ಪಾಠ. ಆದರೆ ಪ್ರತಿ ಸ್ವರವೂ ಹುಟ್ಟಿದ ಕೂಡಲೇ ಸಾಯುತ್ತದೆ, ಅದಕ್ಕೆ ಕಾರಣ ಎಡಗೈ. ಒಂದು ಬೆರಳು ಸ್ವರ ಒತ್ತಿದರೆ ಉಳಿದವು ತಂತಿಗಳ ಮೇಲೆ ಹಗುರವಾಗಿ ಒರಗಿರುತ್ತವೆ, ಒತ್ತಿದ ಬೆರಳೂ ಮರುಕ್ಷಣವೇ ಸಡಿಲುತ್ತದೆ, ತಂತಿ ಬಿಡುವುದಿಲ್ಲ. ಬಲಗೈ ಎಷ್ಟು ವೇಗವಾಗಿದ್ದರೂ ಎಡಗೈಯ ಈ ಉಸಿರಾಟ ಬರದಿದ್ದರೆ ಕೇಳುವುದು ಬರೀ ಗುಂಯ್‌ಗುಟ್ಟುವಿಕೆ. ಮ್ಯೂಸ್ ತಂಡದ ‘ಹಿಸ್ಟೀರಿಯಾ’ದಂಥ ಹಾಡಿನ ಕಷ್ಟ ಬೇರೆ ಬಗೆಯದು, ಅದು ತ್ರಾಣದ ಪರೀಕ್ಷೆ, ದಿನವೂ ಸ್ವಲ್ಪ ನುಡಿಸಿದರೆ ಮುಂಗೈಗೆ ತಾನಾಗಿ ಒಗ್ಗುತ್ತದೆ. ಪಿಂಕ್ ಫ್ಲಾಯ್ಡ್‌ನ ‘ಮನಿ’ಯ ಏಳು ಹೊಡೆತ, ಮಿಶ್ರ ಛಾಪು ಕಿವಿಗೆ ಬಿದ್ದಿರುವ ನಮ್ಮವರನ್ನು ಅಷ್ಟೇನೂ ಕಾಡುವುದಿಲ್ಲ.

ಜೇಮರ್ಸನ್‌ರ ಒಂದೇ ಬೆರಳನ್ನು ನಾವೂ ಅನುಸರಿಸಬೇಕೆ? ಕಲಿಯುವಾಗ ಹೌದು ಎನ್ನುತ್ತೇನೆ. ಎರಡು ಬೆರಳು ಸರದಿಯಲ್ಲಿ ಮೀಟುವಾಗ ಒಂದು ಗಟ್ಟಿ, ಒಂದು ಮೆದು ಎಂಬ ಏರುಪೇರು ನಮಗೆ ತಿಳಿಯದೆಯೇ ನುಸುಳುತ್ತದೆ. ಒಂದೇ ಬೆರಳಿನಲ್ಲಿ ನುಡಿಸಿದಾಗ ಸಾಲಿನ ನಿಜವಾದ ಒತ್ತು ಎಲ್ಲಿದೆ ಎಂದು ಕೈಗೆ ಅರ್ಥವಾಗುತ್ತದೆ. ವೇದಿಕೆಯ ಮೇಲೆ, ಹಾಡಿನ ಮೇಲೆ ಹಾಡು ಬರುವಾಗ, ಎರಡು ಬೆರಳಿಗೆ ಮರಳಿದರೆ ತಪ್ಪೇನಿಲ್ಲ.

ಕನ್ನಡ ಹಾಡು ನುಡಿಸುವ ಬ್ಯಾಂಡುಗಳಿಗೂ ಈ ಮಾತೆಲ್ಲ ಅನ್ವಯಿಸುತ್ತದೆ. ಶಂಕರ್‌ನಾಗ್ ನಿರ್ದೇಶಿಸಿದ ‘ಗೀತಾ’ (1981) ಚಿತ್ರಕ್ಕೆ ಇಳಯರಾಜ ಕೊಟ್ಟ ‘ಜೊತೆಯಲಿ ಜೊತೆ ಜೊತೆಯಲಿ’ ಹಾಡನ್ನು ಇವತ್ತಿಗೂ ನುಡಿಸದ ಆರ್ಕೆಸ್ಟ್ರಾ ಇಲ್ಲ. ಇಳಯರಾಜ ಪ್ರತಿ ವಾದ್ಯದ ಭಾಗವನ್ನೂ ಸ್ವತಃ ಕೈಯಾರೆ ಬರೆದು ಕೊಡುವವರು, ಬೇಸಿನದೂ ಸೇರಿ. ಅವರ ಹಾಡುಗಳಲ್ಲಿ ಬೇಸ್ ಗಿಟಾರ್ ಗಾಯಕರ ಕೆಳಗೆ ತನ್ನದೇ ಇನ್ನೊಂದು ರಾಗ ಹಾಡುತ್ತಿರುತ್ತದೆ. ಎಷ್ಟೋ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡಿನ ಎಡಗೈ ಅದನ್ನು ಎರಡು ಸ್ವರಕ್ಕೆ ಇಳಿಸಿಬಿಟ್ಟಿದೆ. ಬರೆದವರು ಅಷ್ಟು ಯೋಚಿಸಿ ಬರೆದಿರುವಾಗ ನುಡಿಸುವವರು ಅಷ್ಟಾದರೂ ಕಲಿಯಬೇಡವೇ?

ಬಿಡುವುದು ಯಾವಾಗ ಎಂಬ ಪ್ರಶ್ನೆ ಉಳಿಯಿತು. ಪೂರ್ತಿ ಕಲಿತ ಮೇಲೆ ಡ್ರಮ್ಮರ್ ಜೊತೆ ಕುಳಿತು ಬಿಡಬೇಕು. ನಮ್ಮ ಬ್ಯಾಂಡಿನಲ್ಲಿ ಉಳಿದವರು ಬರುವ ಮೊದಲೇ ನಾವಿಬ್ಬರೂ ಜ್ಯಾಮಿಂಗ್ ರೂಮಿಗೆ ಹೋಗಿ ಕಿಕ್ ಡ್ರಮ್ ಮತ್ತು ಬೇಸ್ ಎರಡನ್ನೇ ನುಡಿಸಿ ನೋಡುತ್ತೇವೆ. ‘ವಾಟ್ಸ್ ಗೋಯಿಂಗ್ ಆನ್’ ರೆಕಾರ್ಡಿನಲ್ಲಿ ಕಾಂಗಾ ಇತ್ತು, ಪಿಟೀಲುಗಳ ಸಾಲು ಇತ್ತು, ಸ್ಯಾಕ್ಸೊಫೋನ್ ಇತ್ತು. ನಾವು ಇರುವುದು ನಾಲ್ಕು ಜನ. ಅಲ್ಲಿ ತುಂಬಿದಂತೆ ಕೇಳಿದ ಒಂದು ತಿರುವು ಇಲ್ಲಿ ಒಂಟಿಯಾಗಿ ಕೇಳಬಹುದು. ಆಗ ಆ ಸ್ವರ ತೆಗೆಯುತ್ತೇವೆ. ಏನು ತೆಗೆದೆವು, ಯಾಕೆ ತೆಗೆದೆವು ಎಂದು ಇಬ್ಬರಿಗೂ ಗೊತ್ತಿರುತ್ತದೆ. ಕೈಗೆ ಬರಲಿಲ್ಲವೆಂದು ಬಿಟ್ಟ ಸ್ವರಕ್ಕೂ, ಹಾಡಿಗೆ ಬೇಡವೆಂದು ಬಿಟ್ಟ ಸ್ವರಕ್ಕೂ ಇರುವ ವ್ಯತ್ಯಾಸ ವೇದಿಕೆಯಿಂದ ಕೇಳಿಸುತ್ತದೆ.

ನಿಮ್ಮ ಸೆಟ್ ಲಿಸ್ಟಿನಲ್ಲಿ ನೀವು ರೂಟ್ ನೋಟಿನಲ್ಲೇ ದಾಟಿಸುತ್ತಿರುವ ಒಂದು ಹಾಡಾದರೂ ಇದ್ದೇ ಇರುತ್ತದೆ. ಈ ವಾರ ಅದನ್ನು ಆರಿಸಿಕೊಳ್ಳಿ. ಮೊದಲ ಕೆಲವು ದಿನ ಬೇಸ್ ಮುಟ್ಟಬೇಡಿ, ಹೆಡ್‌ಫೋನ್ ಹಾಕಿಕೊಂಡು ಬಾಯಲ್ಲಿ ಹಾಡಿ. ಇಡೀ ಚರಣ ತಡವರಿಸದೆ ಹಾಡಲು ಬಂದ ಮೇಲೆ ವಾದ್ಯ ಕೈಗೆತ್ತಿಕೊಳ್ಳಿ, ಅರ್ಧ ವೇಗದಲ್ಲಿ ಶುರು ಮಾಡಿ, ಮತ್ತು ಡ್ರಮ್ಮರಿಗೆ ಇವತ್ತೇ ಫೋನ್ ಮಾಡಿ ರಿಹರ್ಸಲ್‌ಗೆ ಅರ್ಧ ಗಂಟೆ ಮೊದಲೇ ಬರಲು ಹೇಳಿ.