ಆಟಗಾರನ ಬೆಲೆಯೋ, ಒಪ್ಪಂದದ ಬೆಲೆಯೋ

ನವೆಂಬರ್ ಬಂತೆಂದರೆ ಹೊಸ ತಿಪ್ಪಸಂದ್ರದ ಮುಖ್ಯರಸ್ತೆಯ ದರ್ಶಿನಿಗಳಲ್ಲಿ ಕಾಫಿ ಲೋಟ ಹಿಡಿದು ನಿಂತವರ ನಡುವೆ ಒಂದೇ ಪಂಚಾಯ್ತಿ: ಆರ್‌ಸಿಬಿ ಯಾರನ್ನು ಬಿಟ್ಟಿತು, ಯಾರನ್ನು ತಂತು, ಲಾಭ ಯಾರಿಗೆ? ತೀರ್ಪು ಬಹಳ ಬೇಗ ಬಂದುಬಿಡುತ್ತದೆ. ಬಂದವನ ಹೆಸರು ದೊಡ್ಡದಾಗಿದ್ದರೆ ಲಾಭ, ಹೋದವನ ಹೆಸರು ದೊಡ್ಡದಾಗಿದ್ದರೆ ನಷ್ಟ. ಟಿ.ವಿ. ಚರ್ಚೆಗಳಲ್ಲಿ ಅಂಕಿ ಅಂಶ ಒಂದಿಷ್ಟು ಹೆಚ್ಚು ಸೇರುತ್ತದೆ, ತೂಗುವ ರೀತಿ ಅದೇ. ಆಟಗಾರರ ವಿನಿಮಯವನ್ನು ನಾವು ಅಳೆಯುವ ಈ ರೀತಿಯಲ್ಲೇ ಕೊರತೆಯಿದೆ ಎಂಬುದು ನನ್ನ ತಕರಾರು. ಅದು ಎಲ್ಲಿದೆ ಎಂದು ತಿಳಿಯಲು, ಈ ಲೆಕ್ಕಾಚಾರವನ್ನು ದಶಕಗಳಿಂದ ಕಸುಬಾಗಿ ಪಳಗಿಸಿಕೊಂಡಿರುವ ಅಮೆರಿಕದ ಬ್ಯಾಸ್ಕೆಟ್‌ಬಾಲನ್ನು ನೋಡಬೇಕು.

ಅಲ್ಲಿನ ಎನ್‌ಬಿಎ ಲೀಗ್‌ನಲ್ಲಿ ವಿನಿಮಯವಾಗುವುದು ಆಟಗಾರನಲ್ಲ, ಅವನ ಒಪ್ಪಂದ. ಎಷ್ಟು ವರ್ಷ ಉಳಿದಿದೆ, ವರ್ಷಕ್ಕೆ ಎಷ್ಟು ಸಂಬಳ, ಆ ಸಂಬಳಕ್ಕೆ ತಕ್ಕ ಆಟ ಇನ್ನೆಷ್ಟು ದಿನ ಬರುತ್ತದೆ ಎಂಬುದೇ ಮುಖ್ಯ. ಅಲ್ಲಿನ ಒಪ್ಪಂದಗಳಲ್ಲಿ ಹೆಚ್ಚಿನವು ಖಾತ್ರಿಯವು. ಆಟಗಾರ ಗಾಯಗೊಂಡು ಕೂತರೂ ಹಣ ಕೊಡಲೇಬೇಕು. ಹಾಗಾಗಿ ದೊಡ್ಡ ಹೆಸರಿನವನ ಬೆಲೆ ಸೊನ್ನೆಗಿಂತ ಕೆಳಗೂ ಇಳಿಯಬಹುದು. ರಸೆಲ್ ವೆಸ್ಟ್‌ಬ್ರೂಕ್ 2017ರಲ್ಲಿ ಲೀಗ್‌ನ ಅತಿ ಮೌಲ್ಯಯುತ ಆಟಗಾರ. 2023ರ ಫೆಬ್ರುವರಿಯಲ್ಲಿ ಲೇಕರ್ಸ್ ತಂಡ ಅವನನ್ನು ಸಾಗಹಾಕಿದಾಗ, ಅವನ ಸುಮಾರು 4.7 ಕೋಟಿ ಡಾಲರ್ ಸಂಬಳದ ಜೊತೆಗೆ 2027ರಲ್ಲಿ ಹೊಸ ಆಟಗಾರನನ್ನು ಆರಿಸಿಕೊಳ್ಳುವ ಮೊದಲ ಸುತ್ತಿನ ಡ್ರಾಫ್ಟ್ ಹಕ್ಕನ್ನೂ ಬಿಟ್ಟುಕೊಡಬೇಕಾಯಿತು. ಮುಂದೆ ಹುಟ್ಟಿಬರಬಹುದಾದ ಪ್ರತಿಭೆಯ ಮೇಲಿನ ಹಕ್ಕೂ ಅಲ್ಲಿ ಚಲಾವಣೆಯ ನಾಣ್ಯ.

ಇಷ್ಟು ಪಳಗಿದ ವಿದ್ಯೆಯೂ ಒಮ್ಮೆ ಮುಗ್ಗರಿಸಿತು. 2025ರ ಫೆಬ್ರುವರಿ 2ರ ಭಾನುವಾರ ಬೆಳಿಗ್ಗೆ ನಮಗೆ ಸುದ್ದಿ ಮುಟ್ಟಿತು: ಡಲ್ಲಾಸ್ ಮ್ಯಾವರಿಕ್ಸ್ ತಂಡ ಲೂಕಾ ಡಾನ್ಚಿಚ್‌ನನ್ನು ಲೇಕರ್ಸ್‌ಗೆ ಕೊಟ್ಟಿದೆ. ಅವನಿಗೆ 25 ವರ್ಷ. ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ ಸರಾಸರಿ 33.9 ಅಂಕ ಗಳಿಸಿ ತಂಡವನ್ನು ಫೈನಲ್‌ಗೆ ಒಯ್ದವನು. ಬದಲಿಗೆ ಡಲ್ಲಾಸ್‌ಗೆ ಮುಖ್ಯವಾಗಿ ದಕ್ಕಿದ್ದು 31 ವರ್ಷದ ಆಂಥೊನಿ ಡೇವಿಸ್, ಯುವ ಆಟಗಾರ ಮ್ಯಾಕ್ಸ್ ಕ್ರಿಸ್ಟಿ ಮತ್ತು ಮೊದಲ ಸುತ್ತಿನ ಒಂದೇ ಒಂದು ಡ್ರಾಫ್ಟ್ ಹಕ್ಕು. ಡಾನ್ಚಿಚ್‌ನ ಮುಂದಿನ ಒಪ್ಪಂದ 34.5 ಕೋಟಿ ಡಾಲರ್ ಮುಟ್ಟಲಿತ್ತು. ಅವನ ದೇಹಸ್ಥಿತಿ ಆ ಒಪ್ಪಂದ ಮುಗಿಯುವವರೆಗೆ ಬಾಳದು, ರಕ್ಷಣಾ ಆಟ ಬಲ್ಲವನೇ ಪ್ರಶಸ್ತಿ ಗೆಲ್ಲಿಸುತ್ತಾನೆ ಎಂಬುದು ಮುಖ್ಯ ವ್ಯವಸ್ಥಾಪಕ ನಿಕೊ ಹ್ಯಾರಿಸನ್ ವಾದ.

ಈ ವಾದವನ್ನು ಅಭಿಮಾನಿಗಳ ಕಣ್ಣೀರಿನಿಂದ ಅಲ್ಲಗಳೆಯಬೇಕಿಲ್ಲ, ಅದರದೇ ಲೆಕ್ಕದಲ್ಲಿ ಅದು ಸೋಲುತ್ತದೆ. ದೇಹ ಬಾಳದು ಎಂಬ ಭಯವಿದ್ದರೆ ಅವನಿಗಿಂತ ಆರು ವರ್ಷ ಹಿರಿಯ, ಗಾಯಗಳಿಗೆ ಹೆಸರಾದವನನ್ನು ಏಕೆ ತರಬೇಕು? ಡಲ್ಲಾಸ್ ಪರ ಆಡಿದ ಮೊದಲ ಪಂದ್ಯದಲ್ಲೇ ಡೇವಿಸ್ ಗಾಯಗೊಂಡ. ಇನ್ನೂ ದೊಡ್ಡ ತಪ್ಪು, ಲೇಕರ್ಸ್ ಹೊರತು ಬೇರೆ ಯಾರನ್ನೂ ಕೇಳದೆ ಗುಟ್ಟಾಗಿ ಮಾರಿದ್ದು. ಅದಕ್ಕೂ ಏಳು ತಿಂಗಳ ಹಿಂದೆ, ಒಮ್ಮೆಯೂ ಆಲ್‌ಸ್ಟಾರ್ ಆಗದ ಮಿಕಾಲ್ ಬ್ರಿಜಸ್‌ಗಾಗಿ ನ್ಯೂಯಾರ್ಕ್ ನಿಕ್ಸ್ ಮೊದಲ ಸುತ್ತಿನ ಐದು ಹಕ್ಕುಗಳನ್ನು ಕೊಟ್ಟಿತ್ತು. ಪೇಟೆಯ ದರ ಎಲ್ಲರ ಕಣ್ಣೆದುರು ಇತ್ತು. ಅದನ್ನು ವಿಚಾರಿಸದೆ ಮಾರಿದ ಹ್ಯಾರಿಸನ್‌ನ ಕೆಲಸ ಆ ವರ್ಷದ ನವೆಂಬರ್‌ನಲ್ಲಿ ಹೋಯಿತು.

ಇದೇ ಅಳತೆಗೋಲನ್ನು ನಮ್ಮೂರಿಗೆ ತರುತ್ತೇನೆ. 2023ರ ನವೆಂಬರ್‌ನಲ್ಲಿ ಆರ್‌ಸಿಬಿ ಮುಂಬೈ ಇಂಡಿಯನ್ಸ್‌ನಿಂದ ಕ್ಯಾಮರಾನ್ ಗ್ರೀನ್‌ನನ್ನು 17.5 ಕೋಟಿ ರೂಪಾಯಿಗೆ ತಂದಿತು. ಊರು ಸಂಭ್ರಮಿಸಿತು. ಆದರೆ ಆ 17.5 ಕೋಟಿ ಬೆಂಗಳೂರು ತೂಗಿ ನೋಡಿ ಕಟ್ಟಿದ ಬೆಲೆಯಲ್ಲ. 2022ರ ಡಿಸೆಂಬರ್‌ನ ಕೊಚ್ಚಿ ಹರಾಜಿನಲ್ಲಿ, ಒಳ್ಳೆಯ ಆಲ್‌ರೌಂಡರ್‌ಗಳಿಗಾಗಿ ಪೈಪೋಟಿ ಬಿದ್ದ ದಿನ, ಮುಂಬೈ ಕೂಗಿದ ಬೆಲೆ ಅದು. ಮಾರಾಟಕ್ಕೆ ಅವಸರವಿದ್ದದ್ದೂ ಮುಂಬೈಗೇ. ಗುಜರಾತ್‌ನಿಂದ ಹಾರ್ದಿಕ್ ಪಾಂಡ್ಯನನ್ನು 15 ಕೋಟಿಗೆ ಮರಳಿ ಕರೆತರಲು ಅದರ ಪರ್ಸ್‌ನಲ್ಲಿ ಹಣ ತೆರವಾಗಬೇಕಿತ್ತು. ಅವಸರ ಮಾರುವವನದು, ಪೂರ್ತಿ ದರ ತೆತ್ತವನು ಕೊಳ್ಳುವವನು! ಬ್ಯಾಸ್ಕೆಟ್‌ಬಾಲ್ ವ್ಯವಹಾರ ಬಲ್ಲ ಯಾರೂ ಇಂಥ ಹೊತ್ತಿನಲ್ಲಿ ಎದುರಿನವರಿಂದ ಇನ್ನೇನಾದರೂ ಕೇಳಿ ಪಡೆಯದೆ ಬಿಡುವುದಿಲ್ಲ.

ಈ ವ್ಯವಹಾರದ ಪೂರ್ತಿ ಖರ್ಚನ್ನೂ ನಾವು ಲೆಕ್ಕ ಹಾಕಲಿಲ್ಲ. ಅದೇ ವಾರ ಆರ್‌ಸಿಬಿ ಹರ್ಷಲ್ ಪಟೇಲ್, ವನಿಂದು ಹಸರಂಗ, ಜೋಶ್ ಹೇಜಲ್‌ವುಡ್ ಮೂವರನ್ನೂ ಕೈಬಿಟ್ಟಿತ್ತು. ಮೂವರೂ ಬೌಲರ್‌ಗಳು, ತಂಡದ ಹಳೆಯ ನೋವು ಬೌಲಿಂಗೇ. 2024ರ ಏಪ್ರಿಲ್ 15ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಸನ್‌ರೈಸರ್ಸ್ ಹೈದರಾಬಾದ್ 3 ವಿಕೆಟ್‌ಗೆ 287 ರನ್ ಹೊಡೆಯಿತು. ಹರ್ಷಲ್ ಆ ಋತುವಿನಲ್ಲಿ ಪಂಜಾಬ್ ಪರ 24 ವಿಕೆಟ್ ಪಡೆದು ಪರ್ಪಲ್ ಕ್ಯಾಪ್ ತೊಟ್ಟ. ಗ್ರೀನ್ ಕಳಪೆಯಾಗಿ ಆಡಿದ ಎಂದಲ್ಲ. ಸತತ ಆರು ಗೆಲುವಿನೊಂದಿಗೆ ತಂಡ ಪ್ಲೇಆಫ್ ಮುಟ್ಟಿದಾಗ ಅವನ ಪಾಲೂ ಇತ್ತು. ಆದರೆ ವರ್ಷದ ಕೊನೆಗೆ ಮೆಗಾ ಹರಾಜು ಕಾದಿತ್ತು, ಅವನನ್ನು ಉಳಿಸಿಕೊಳ್ಳಲಿಲ್ಲ. ಒಂದು ಋತುವಿನ ಬಾಡಿಗೆಗೆ 17.5 ಕೋಟಿ. ಹೇಜಲ್‌ವುಡ್‌ನನ್ನು ಮರಳಿ ಪಡೆಯಲು ಮತ್ತೆ 12.5 ಕೋಟಿ. 2025ರ ಜೂನ್ 3ರಂದು ಅಹಮದಾಬಾದ್‌ನಲ್ಲಿ ಕಪ್ ಎತ್ತಿದ ತಂಡದಲ್ಲಿ ಅವನು ಆ ಋತುವಿನ 22 ವಿಕೆಟ್‌ಗಳ ಸರದಾರ. ಗ್ರೀನ್ ವ್ಯವಹಾರ ತಪ್ಪಾಗಿತ್ತು ಎಂದು ನಾನು ಹೇಳುವುದು ಈ ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿ.

ಐಪಿಎಲ್‌ನ ದೋಷ ಇಲ್ಲೇ ಇದೆ. ಮೂರು ವರ್ಷಕ್ಕೊಮ್ಮೆ ಮೆಗಾ ಹರಾಜು ಬಹುತೇಕ ಎಲ್ಲವನ್ನೂ ಅಳಿಸಿ ಹೊಸದಾಗಿ ಬರೆಯುವುದರಿಂದ ಒಪ್ಪಂದಕ್ಕೆ ಆಯುಷ್ಯವೇ ಇಲ್ಲ. ಬೇಡವಾದವನನ್ನು ಕೈಬಿಟ್ಟರೆ ಮುಗಿಯಿತು, ವೆಸ್ಟ್‌ಬ್ರೂಕ್‌ನ ಒಪ್ಪಂದದಂಥ ಹೊರೆ ಯಾವ ಫ್ರಾಂಚೈಸಿಯ ತಲೆಗೂ ಬೀಳುವುದಿಲ್ಲ. ಹೊಣೆ ಇಲ್ಲದ ಕಡೆ ತೂಗುವ ಜಾಣ್ಮೆಯೂ ಬೆಳೆಯುವುದಿಲ್ಲ. ಒಂದು ವಿಷಯದಲ್ಲಿ ಮಾತ್ರ ನಮ್ಮ ನಿಯಮವೇ ಮೇಲು: ಇಲ್ಲಿ ಆಟಗಾರನ ಒಪ್ಪಿಗೆ ಬೇಕು. ಡಾನ್ಚಿಚ್‌ಗೆ ತಾನು ಮಾರಾಟವಾದ ಸುದ್ದಿ ಗೊತ್ತಾದದ್ದು ಎಲ್ಲ ಮುಗಿದ ಮೇಲೆ.

ನಮ್ಮ ಪೂರ್ವ ಬೆಂಗಳೂರಿಗೆ ಬೆಲೆ ಕಟ್ಟುವ ಇನ್ನೊಂದು ರೀತಿಯೂ ಗೊತ್ತಿತ್ತು. ತಿಪ್ಪಸಂದ್ರದ ಪಕ್ಕದ ಎಚ್‌ಎಎಲ್, ಕೆ.ಆರ್. ಪುರದ ಕಡೆಯ ಐಟಿಐ, ಎರಡೂ ಕಾರ್ಖಾನೆಗಳು ಹೆಸರಾಂತ ಫುಟ್‌ಬಾಲ್ ತಂಡಗಳನ್ನು ಸಾಕಿದವು. ಎಚ್‌ಎಎಲ್ ಐ–ಲೀಗ್‌ವರೆಗೂ ಹೋಯಿತು. ಪೆಲೆಯ ಪ್ರತಿಮೆ ನಿಲ್ಲಿಸಿಕೊಂಡಿರುವ, ಹಲಸೂರಿನ ಬಳಿಯ ಗೌತಮಪುರದಂಥ ಬೀದಿಗಳ ಹುಡುಗನಿಗೆ ದೊಡ್ಡ ಆಸೆ ಎಂದರೆ ಕಾರ್ಖಾನೆಯ ಕ್ರೀಡಾ ಕೋಟಾದ ನೌಕರಿ. ಅವನನ್ನು ಒಮ್ಮೆ ತೂಗುತ್ತಿದ್ದರು, ಇಪ್ಪತ್ತರ ಆಸುಪಾಸಿನಲ್ಲಿ. ಮೊಣಕಾಲು ಹೋದರೂ ತಿಂಗಳ ಸಂಬಳ ನಿಲ್ಲುತ್ತಿರಲಿಲ್ಲ, ಆಟ ಬಿಟ್ಟ ಮೇಲೂ ಅದೇ ಗೇಟಿನಲ್ಲಿ ನಿವೃತ್ತಿಯವರೆಗೆ ಹಾಜರಿ ಹಾಕುತ್ತಿದ್ದ. ಆ ಪದ್ಧತಿ ಪ್ರತಿಭೆಯನ್ನು ಒಂದೇ ಕಡೆ ಕಟ್ಟಿಹಾಕಿತು ಎಂಬ ದೂರಿನಲ್ಲಿ ಸತ್ಯವಿದೆ. ಆದರೆ ಗಾಯದ ಹೊರೆಯನ್ನು ಹೊತ್ತದ್ದು ಆಟಗಾರನ ಮನೆಯಲ್ಲ, ಸಂಸ್ಥೆ. ಆಟಗಾರನ ನಿಜವಾದ ಬೆಲೆಯಲ್ಲಿ ಇದೂ ಸೇರುತ್ತದೆ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ನಮ್ಮ ಬ್ಯಾಸ್ಕೆಟ್‌ಬಾಲ್ ಇಂದಿಗೂ ಬಹುಮಟ್ಟಿಗೆ ಆ ಲೋಕದಲ್ಲೇ ಇದೆ. ಬೆಂಗಳೂರಿನ ವಿಜಯಾ ಬ್ಯಾಂಕ್‌ಗೆ ತಂಡವಿತ್ತು, 2019ರ ಏಪ್ರಿಲ್ 1ರಂದು ಬ್ಯಾಂಕೇ ಬರೋಡಾದಲ್ಲಿ ವಿಲೀನವಾಯಿತು. ಯುಬಿಎ ಎಂಬ ಬ್ಯಾಸ್ಕೆಟ್‌ಬಾಲ್ ಲೀಗ್‌ನ ಬೆಂಗಳೂರು ಬೀಸ್ಟ್ ತಂಡ ಕೆಲ ವರ್ಷ ಆಡಿತು, ಲೀಗ್ 2017ರ ಬಳಿಕ ನಿಂತಿತು. ಆ ವರ್ಷದ ಜುಲೈನಲ್ಲೇ ಭಾರತದ ಮಹಿಳೆಯರು ಬೆಂಗಳೂರಿನಲ್ಲಿ ಕಜಕಿಸ್ತಾನವನ್ನು 75–73ರಿಂದ ಸೋಲಿಸಿ ಏಷ್ಯಾ ಕಪ್‌ನ ಬಿ ವಿಭಾಗ ಗೆದ್ದರು. ರೈಲ್ವೆಯಲ್ಲೋ ವಿದ್ಯುತ್ ಮಂಡಳಿಯಲ್ಲೋ ಕೆಲಸ ಮಾಡುತ್ತಿದ್ದ ಅವರಿಗೆ ಯಾವ ಪೇಟೆಯಲ್ಲೂ ದರವಿರಲಿಲ್ಲ. ತೂಗಲು ಲೀಗೇ ಇಲ್ಲದ ಕಡೆ ಇಂಥ ಗೆಲುವೂ ಆಟಗಾರ್ತಿಯ ಸಂಪಾದನೆಗೆ ಒಂದು ಪೈಸೆ ಸೇರಿಸುವುದಿಲ್ಲ. ಇದು ನನಗೆ ಗ್ರೀನ್‌ನ 17.5 ಕೋಟಿಗಿಂತ ಹೆಚ್ಚು ನೋವಿನ ವಿಷಯ.

ಕೊನೆಗೆ, ತಪ್ಪಾಗಿ ತೂಗಿದ್ದರ ಬೆಲೆ ತೆತ್ತ ನಮ್ಮದೇ ಬ್ಯಾಟರ್ ದೇವದತ್ತ ಪಡಿಕ್ಕಲ್ ಕಥೆ. 2019ಕ್ಕೆ ಆರ್‌ಸಿಬಿ ಅವನನ್ನು 20 ಲಕ್ಷಕ್ಕೆ ಕೊಂಡಿತು. 2020ರಲ್ಲಿ ಇನಿಂಗ್ಸ್ ಆರಂಭಿಸಿ 473 ರನ್, ಮರುವರ್ಷ ಶತಕ. 2022ರಲ್ಲಿ ರಾಜಸ್ಥಾನಕ್ಕೆ 7.75 ಕೋಟಿ. ಅಲ್ಲಿ ಆರಂಭಿಕರ ಜಾಗ ಬಟ್ಲರ್, ಜೈಸ್ವಾಲ್ ಪಾಲಾಯಿತು, ಇವನು ಕೆಳಗೆ ಇಳಿದ. 2023ರ ನವೆಂಬರ್‌ನಲ್ಲಿ ಆವೇಶ್ ಖಾನ್‌ಗೆ ಬದಲಾಗಿ ಲಖನೌಗೆ ಹೋದ. ಅಲ್ಲೂ ರಾಹುಲ್, ಡಿ ಕಾಕ್ ಆರಂಭಿಕರು. 2024ರಲ್ಲಿ ಏಳು ಪಂದ್ಯದಲ್ಲಿ 38 ರನ್. ಅದೇ 2024ರ ಮಾರ್ಚ್‌ನಲ್ಲಿ ಧರ್ಮಶಾಲಾದಲ್ಲಿ ಚೊಚ್ಚಲ ಟೆಸ್ಟ್ ಆಡಿ 65 ಹೊಡೆದಿದ್ದ. ಕೈಚಳಕ ಹೋಗಿರಲಿಲ್ಲ, ಜಾಗ ಹೋಗಿತ್ತು. ಮುಂದಿನ ಹರಾಜಿನಲ್ಲಿ ಆರ್‌ಸಿಬಿ 2 ಕೋಟಿಗೆ ಮರಳಿ ತಂದು ಮೂರನೇ ಕ್ರಮಾಂಕ ಕೊಟ್ಟಿತು, ಸ್ನಾಯು ನೋವು ಅಡ್ಡ ಬರುವವರೆಗೆ ಚೆನ್ನಾಗಿಯೇ ಆಡಿದ. ಯಾವ ತಂಡದಲ್ಲಿ ಯಾವ ಜಾಗ ತೆರವಿದೆ ಎಂದು ಮೊದಲು ನೋಡುವುದು ಬ್ಯಾಸ್ಕೆಟ್‌ಬಾಲ್ ವ್ಯವಹಾರದ ಮೊದಲ ಪಾಠ. ರಾಜಸ್ಥಾನ, ಲಖನೌ ಎರಡೂ ಅದನ್ನು ಕೊನೆಗೆ ನೋಡಿದವು, ಅದಕ್ಕೆ ತನ್ನ ಇಪ್ಪತ್ತೊಂದರಿಂದ ಇಪ್ಪತ್ಮೂರರವರೆಗಿನ ವರ್ಷಗಳನ್ನು ತೆತ್ತವನು ಪಡಿಕ್ಕಲ್. 20 ಲಕ್ಷದ ಹುಡುಗನನ್ನು 7.75 ಕೋಟಿಗೆ ಏರಿಸಿದ ತಂಡಕ್ಕಾಗಲಿ, ಅವನನ್ನು ವಯೋಮಿತಿ ತಂಡಗಳಿಂದ ಬೆಳೆಸಿದ ರಾಜ್ಯ ಸಂಸ್ಥೆಗಾಗಲಿ 2022ರ ಹರಾಜಿನಿಂದ ಏನೂ ಬರಲಿಲ್ಲ. ಬೆಳೆಸಿದವರಿಗೆ ಒಂದು ಪಾಲು, ಮೆಗಾ ಹರಾಜನ್ನೂ ದಾಟಿ ಬಾಳುವ ಒಪ್ಪಂದ, ಗಾಯದ ಕಾಲಕ್ಕೂ ಖಾತ್ರಿ ಸಂಬಳ: ಇವು ಮೂರನ್ನೂ ಮುಂದಿನ ಮೆಗಾ ಹರಾಜಿನ ನಿಯಮ ಬರೆಯುವ ಮೊದಲೇ ಐಪಿಎಲ್ ಆಡಳಿತ ಮಂಡಳಿ ಚರ್ಚೆಗೆ ತರಬೇಕು.