ರಸ್ತೆಬದಿಯ ಮಂಗಗಳ ಲೆಕ್ಕ

ಮೈಸೂರು ಸೀಮೆಯ ರಸ್ತೆಗಳಲ್ಲಿ ಆಲ, ಗೋಣಿಯ ಸಾಲುಮರಗಳಿದ್ದುದನ್ನು ಕಂಡವರಿಗೆ ಅವುಗಳ ಮೇಲಿನ ಮಂಗಗಳೂ ನೆನಪಿರುತ್ತವೆ. ಮಂಗಗಳು ಕಡಿಮೆಯಾದದ್ದು ಮಾತ್ರ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. ಹೊಲಕ್ಕೆ ನುಗ್ಗುವ ಪ್ರಾಣಿ ಕಾಣದಾಯಿತೆಂದು ಯಾರೂ ಹುಡುಕಿಕೊಂಡು ಹೋಗುವುದಿಲ್ಲ. ಹಾಗೆ ಹೋಗಿ ಎಣಿಸಿದವರು ಮೈಸೂರು ವಿಶ್ವವಿದ್ಯಾಲಯದ ಮನೋವಿಜ್ಞಾನ ಪ್ರಾಧ್ಯಾಪಕರಾಗಿದ್ದ ಮೇವಾ ಸಿಂಗ್ ಮತ್ತು ಅವರ ಶಿಷ್ಯರು. ಮೈಸೂರಿನ ಸುತ್ತ 25 ವರ್ಷಗಳಲ್ಲಿ ಮಂಗಗಳ ಸಂಖ್ಯೆ ಶೇ. 65ಕ್ಕಿಂತ ಹೆಚ್ಚು ಇಳಿದಿದೆ ಎಂದು ಅವರ ತಂಡ 2017ರಲ್ಲಿ ಪ್ರಕಟಿಸಿತು. ದಕ್ಷಿಣ ಭಾರತದಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲದ ಜಾತಿ ಇದು.

ಈ ಒಂದು ಅಂಕಿಯಲ್ಲೇ ಅವರ ವೃತ್ತಿಜೀವನದ ತಿರುಳಿದೆ ಎಂದು ನನಗನ್ನಿಸುತ್ತದೆ. ಮಂಗನನ್ನು ಮನೋವಿಜ್ಞಾನ ಬಹುಕಾಲ ಪಂಜರದಲ್ಲಿಟ್ಟು ನೋಡಿತು. 1950ರ ದಶಕದಲ್ಲಿ ವಿಸ್ಕಾನ್ಸಿನ್‌ನಲ್ಲಿ ಹ್ಯಾರಿ ಹಾರ್ಲೋ ಮರಿಗಳನ್ನು ತಾಯಿಯಿಂದ ಬೇರ್ಪಡಿಸಿ, ತಂತಿಯ ಬೊಂಬೆ, ಬಟ್ಟೆಯ ಬೊಂಬೆಗಳನ್ನು ಮುಂದಿಟ್ಟು ಪ್ರೀತಿಯ ಪಾಠ ಕಲಿತ. ಮೇವಾ ಸಿಂಗ್ ವಿಭಾಗದ ಗೋಡೆ ದಾಟಿ ಹೊರಗೆ ನಡೆದರು. ಒಮ್ಮೆ ಎಣಿಸಿದ ರಸ್ತೆಗೆ ವರ್ಷಗಳ ನಂತರ ಮರಳಿ ಹೋಗಿ ಮತ್ತೆ ಎಣಿಸುವ ಕೆಲಸದಲ್ಲಿ ಬೆರಗಿಲ್ಲ, ಚಪ್ಪಾಳೆಯಿಲ್ಲ. ಆದರೆ ಮರಳಿ ಹೋಗದಿದ್ದರೆ ಇಳಿಕೆ ತಿಳಿಯುವುದಾದರೂ ಹೇಗೆ?

ಒಂಟಿ ಜೀವಿಯೆಂದೇ ಹೆಸರಾಗಿದ್ದ ಕಾಡುಪಾಪವನ್ನು ಅವರ ಶಿಷ್ಯೆ ಸಿಂಧು ರಾಧಾಕೃಷ್ಣ ತಮಿಳುನಾಡಿನ ದಿಂಡಿಗಲ್ ಬಳಿ ರಾತ್ರಿಯಿಡೀ ಹಿಂಬಾಲಿಸಿದರು. ಒಟ್ಟಿಗೆ ಮಲಗುವ, ಒಂದನ್ನೊಂದು ನೇವರಿಸುವ ಪ್ರಾಣಿ ಅದು ಎಂಬುದು ಹೊರಬಂತು. ಶಿರಸಿ-ಹೊನ್ನಾವರದ ಕಾಡುಗಳಲ್ಲಿ ಇನ್ನೊಬ್ಬ ಶಿಷ್ಯ ಎಚ್.ಎನ್. ಕುಮಾರ ಅವರೊಂದಿಗೆ ಮೇವಾ ಸಿಂಗ್ ನಡೆಸಿದ ಸಮೀಕ್ಷೆಯಲ್ಲಿ ಸಿಂಗಳೀಕಗಳ 32 ಗುಂಪುಗಳು ಸಿಕ್ಕವು. ಅಲ್ಲಿ ಅಷ್ಟೊಂದಿವೆಯೆಂದು ಅದುವರೆಗೆ ಲೆಕ್ಕಕ್ಕೇ ಬಂದಿರಲಿಲ್ಲ. 2011ರಲ್ಲಿ ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಘೋಷಣೆಯಾದದ್ದಕ್ಕೆ ಹಿನ್ನೆಲೆಯಲ್ಲಿ ಇಂಥ ದುಡಿಮೆಯಿದೆ. ಗುರುವಿನ ಬೆಲೆಯನ್ನು ಇಂಥ ಶಿಷ್ಯರಲ್ಲೇ ಅಳೆಯಬೇಕು.

ನನ್ನ ಅತೃಪ್ತಿ ಇರುವುದು ಇನ್ನೊಂದು ಕಡೆ. ಈ ಅಧ್ಯಯನಗಳ ಮುಖ್ಯ ಬರಹಗಳು ಇಂಗ್ಲಿಷ್ ಸಂಶೋಧನಾ ಪತ್ರಿಕೆಗಳಲ್ಲಿವೆ. ಮಂಗನ ಕಾಟದಿಂದ ಬಾಳೆ, ತೆಂಗು ಕಳೆದುಕೊಳ್ಳುವ ರೈತನ ಓದಿಗೆ ಅವು ಸಿಗುವುದಿಲ್ಲ. ಅವನ ಪಾಲಿಗೆ ಮಂಗ ದಿನೇದಿನೇ ಹೆಚ್ಚುತ್ತಿದೆ, ವಿಜ್ಞಾನಿಯ ಪಾಲಿಗೆ ಇಳಿಯುತ್ತಿದೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿದ್ದಾರೆ. ಸಾಲುಮರ ಹೋದ ಮೇಲೆ ಉಳಿದ ಗುಂಪು ಊರಿಗೇ ಬರಬೇಕಲ್ಲ! ಈ ಕೊಂಡಿಯನ್ನು ಕನ್ನಡದಲ್ಲಿ ಬಿಡಿಸಿಟ್ಟರೆ ಗ್ರಾಮಸಭೆಯ ಮಾತೇ ಬೇರೆಯಾದೀತು.

ಜನರಿಗೂ ಮಂಗಗಳಿಗೂ ನಡುವಿನ ಇಂಥದೇ ಇನ್ನೊಂದು ಕೊಂಡಿಗೆ ಅಘನಾಶಿನಿ ಕಣಿವೆಯ ಉಪ್ಪಾಗೆ ಹಣ್ಣನ್ನೇ ನೋಡಿ. ಸಿಂಗಳೀಕಕ್ಕೆ ಅದು ಆಹಾರ, ಕಾಡಂಚಿನ ಮನೆಗಳಿಗೆ ಮಳೆಗಾಲದ ಆದಾಯ. ಎಷ್ಟು ಕೊಯ್ಯಬೇಕು, ಎಷ್ಟು ಮರದಲ್ಲಿ ಬಿಡಬೇಕು ಎಂದು ಕೊಕ್ಕೆ ಹಿಡಿದು ಮರದಡಿ ನಿಂತವರು ಹೇಗೆ ನಿರ್ಧರಿಸುತ್ತಾರೆ? ಮನೋವಿಜ್ಞಾನದ ವಿಭಾಗದಿಂದ ನಾನು ಕೇಳಬಯಸುವ ಮುಂದಿನ ಅಧ್ಯಯನ ಇದು.