ಕಾಕತಾಳೀಯದ ಪರವಾಗಿ

ಜಾನ್ ಫೋರ್ಡ್ ನಿರ್ದೇಶನದ ‘3 ಗಾಡ್‌ಫಾದರ್ಸ್’ (1948) ಬಗ್ಗೆ ಈ ವಾರ ಬರೆಯುವುದಾಗಿ ಹೇಳಿದ್ದೆ. ಡಿಸೆಂಬರ್ ಬಂತೆಂದರೆ ನಾನು ಮತ್ತೆ ಹಾಕಿಕೊಂಡು ನೋಡುವ ಚಿತ್ರ ಅದು. ಬ್ಯಾಂಕು ದೋಚಿ ಮರುಭೂಮಿಯಲ್ಲಿ ದಿಕ್ಕೆಟ್ಟ ಮೂವರ ಕೈಗೆ ಸಾಯುತ್ತಿರುವ ತಾಯಿಯೊಬ್ಬಳು ಹಸುಗೂಸನ್ನು ಒಪ್ಪಿಸುತ್ತಾಳೆ. ಶಿಶುಪಾಲನೆಯ ಪುಸ್ತಕ ತೆರೆದು, ಮೈಗೆ ಎಣ್ಣೆ ಹಚ್ಚಬೇಕೆಂದು ಓದಿ, ಎಣ್ಣೆ ಸಿಗದೆ ಬಂಡಿಯ ಕೀಲೆಣ್ಣೆಯನ್ನೇ ಆ ಒರಟು ಕೈಗಳು ಮಗುವಿಗೆ ಸವರುತ್ತವೆ. ಇಬ್ಬರು ದಾರಿಯಲ್ಲೇ ಸಾಯುತ್ತಾರೆ. ಉಳಿದ ಜಾನ್ ವೇನ್‌ಗೂ ಕಾಲು ಸೋತಿದೆ. ಬೈಬಲ್ಲಿನಲ್ಲಿ ಕತ್ತೆಯ ಪ್ರಸ್ತಾಪ ಓದಿದ ಬೆನ್ನಿಗೇ ಎದುರಿಗೊಂದು ಕತ್ತೆ! ಅದರ ಆಸರೆಯಲ್ಲಿ ಕ್ರಿಸ್‌ಮಸ್ ಹೊತ್ತಿಗೆ ಅವನು ನ್ಯೂ ಜೆರುಸಲೇಂ ಎಂಬ ಊರು ಮುಟ್ಟುತ್ತಾನೆ.

ಈ ಕತ್ತೆಯನ್ನು ಯಾವ ವಿಮರ್ಶಕನೂ ನನ್ನೆದುರು ಪ್ರಶ್ನಿಸಿದ್ದಿಲ್ಲ. ಅದೇ ಜನ ಸತೋಷಿ ಕೊನ್ ಅವರ ಅನಿಮೇಷನ್ ಚಿತ್ರ ‘ಟೋಕಿಯೋ ಗಾಡ್‌ಫಾದರ್ಸ್’ (2003) ಮಾತು ಬಂದರೆ ಸಾಕು, ‘ಬರೀ ಕಾಕತಾಳೀಯ, ಕಥೆ ಕಟ್ಟಲು ಬಾರದವರ ಉಪಾಯ’ ಎಂದುಬಿಡುತ್ತಾರೆ. ಈ ಜಗಳ ಹಳೆಯದು. ಫೋರ್ಡ್ ಇನ್ನೊಂದು ವಾರ ಕಾಯಲಿ, ಇವತ್ತು ಇದನ್ನು ಮುಗಿಸಿಯೇಬಿಡೋಣ.

ಕಥೆ ನಿಮಗೆ ಗೊತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿ, ಬೀದಿಯಲ್ಲೇ ಬದುಕುವ ಮೂವರಿಗೆ ಕಸದ ರಾಶಿಯಲ್ಲಿ ಮಗು ಸಿಗುತ್ತದೆ. ಕುಡುಕ ಗಿನ್, ಟ್ರಾನ್ಸ್ ಮಹಿಳೆ ಹಾನಾ, ಮನೆ ಬಿಟ್ಟು ಬಂದ ಹುಡುಗಿ ಮಿಯುಕಿ. ಅಲ್ಲಿಂದ ಮುಂದೆ ಒಂದರ ಹಿಂದೊಂದು ಆಕಸ್ಮಿಕ. ಆದರೆ ಅವು ಈ ಮೂವರನ್ನು ಎಲ್ಲಿಗೆ ತಂದು ನಿಲ್ಲಿಸುತ್ತವೆ ಎಂಬುದನ್ನು ಗಮನಿಸಿ. ಹಿಮ ಬಿದ್ದು ರೈಲು ನಿಲ್ಲುತ್ತದೆ, ಪಕ್ಕದ ರೈಲಿನ ಕಿಟಕಿಯಲ್ಲಿ ಮಿಯುಕಿಗೆ ಕಾಣುವುದು ತಾನು ಚಾಕು ಹಾಕಿ ಓಡಿಬಂದ ಅಪ್ಪನ ಮುಖ. ಹಾನಾಳನ್ನು ಸೇರಿಸಿದ ಆಸ್ಪತ್ರೆಯಲ್ಲಿ ನರ್ಸ್ ಆಗಿರುವವಳು ಗಿನ್‌ನ ಮಗಳು. ಹೆಂಡತಿ ಮಗಳು ಇಬ್ಬರೂ ಸತ್ತರೆಂದು ಎಲ್ಲರಿಗೂ ಹೇಳಿಕೊಂಡು ಬಂದವನು ಅವನು. ಸೋಮಾರಿ ಕಥೆಗಾರನ ಆಕಸ್ಮಿಕ ಪಾತ್ರವನ್ನು ಕಷ್ಟದಿಂದ ಪಾರು ಮಾಡುತ್ತದೆ. ಕೊನ್ ಮತ್ತು ಸಹಲೇಖಕಿ ಕೇಕೊ ನೊಬುಮೊಟೊ ಬರೆದ ಆಕಸ್ಮಿಕ ಯಾರಿಂದ ತಲೆಮರೆಸಿಕೊಂಡಿದ್ದಾರೋ ಅವರೆದುರಿಗೇ ತಂದು ನಿಲ್ಲಿಸುತ್ತದೆ.

ಕೊನೆಯ ಗಾಳಿಯ ಬಗ್ಗೆ ಆಕ್ಷೇಪ ಇನ್ನೂ ಜೋರು. ಕಟ್ಟಡದ ತುದಿಯಿಂದ ಮಗು ಕೈಜಾರುತ್ತದೆ, ಹಾನಾ ಅದರ ಹಿಂದೆಯೇ ಹಾರುತ್ತಾಳೆ. ಅವಳು ಹಿಡಿದ ಬಟ್ಟೆಯ ಬ್ಯಾನರ್‌ಗೆ ಗಾಳಿ ತುಂಬಿ ಇಬ್ಬರನ್ನೂ ಮೆಲ್ಲಗೆ ಇಳಿಸುತ್ತದೆ. ದೇವರು ಬಂದು ಕಾಪಾಡಿದ ಹಾಗಾಯಿತಲ್ಲ ಎನ್ನುತ್ತಾರೆ. ಸ್ವಾಮಿ, ಗಾಳಿ ಬೀಸುವ ಮೊದಲೇ ಹಾನಾ ಹಾರಿಯಾಗಿತ್ತು. ಆ ಕ್ಷಣಕ್ಕೆ ಅವಳಿಗೆ ಯಾವ ಭರವಸೆಯೂ ಇರಲಿಲ್ಲ.

ಇನ್ನೊಂದು ಪಂಗಡಕ್ಕೂ ಉತ್ತರ ಬಾಕಿಯಿದೆ. ಮಾತನಾಡುವ ಪ್ರಾಣಿಯಿಲ್ಲ, ಮಾಯಾಲೋಕವಿಲ್ಲ, ಇದನ್ನು ಕ್ಯಾಮೆರಾದಲ್ಲೇ ತೆಗೆಯಬಹುದಿತ್ತಲ್ಲ ಎನ್ನುವವರು. ಕ್ಯಾಮೆರಾ ಇಟ್ಟರೆ ಬೇಡದ್ದೂ ಬಂದು ಬೀಳುತ್ತದೆ, ಹಾರುವ ಕಾಗದ, ದಾರಿಹೋಕ, ಮೋಡದ ನೆರಳು. ಅನಿಮೇಷನ್‌ನಲ್ಲಿ ಹಾಗೆ ಏನೂ ಬೀಳುವುದಿಲ್ಲ. ಆ ಕಸದ ರಾಶಿಯ ಪ್ರತಿಯೊಂದು ಚೀಲವನ್ನೂ ಯಾರೋ ಕೂತು ಬರೆದಿದ್ದಾರೆ. ಆಕಸ್ಮಿಕಕ್ಕೆ ಜಾಗವೇ ಇಲ್ಲದ ಮಾಧ್ಯಮದಲ್ಲಿ ಆಕಸ್ಮಿಕವನ್ನೇ ವಸ್ತುವಾಗಿ ಹಿಡಿದದ್ದು ಕೊನ್ ಅವರ ಧೈರ್ಯ. ಶುರುವಿನಲ್ಲಿ ತಂತ್ರಜ್ಞರ ಹೆಸರುಗಳನ್ನು ನಗರದ ಬೋರ್ಡುಗಳಲ್ಲೇ ಬರೆಸಿದ್ದಾರೆ ನೋಡಿ. ಈ ಟೋಕಿಯೋ ನಾವು ಕಟ್ಟಿದ್ದು ಎಂದು ಮೊದಲೇ ಹೇಳಿಬಿಡುತ್ತಾರೆ.

ಮೇಲಾಗಿ, ಹಾನಾಳ ಮುಖವನ್ನು ಯಾವ ನಟ ಕೊಡಬಲ್ಲ? ಪಾತ್ರವಿನ್ಯಾಸ ಕೆನಿಚಿ ಕೊನಿಶಿ ಅವರದು. ಸಿಟ್ಟು ಬಂದರೆ ಹಾನಾಳ ಬಾಯಿ ಅಗಲವಾಗಿ ಸೀಳುತ್ತದೆ, ದವಡೆ ಮುಂದೆ ಬರುತ್ತದೆ, ಕುತ್ತಿಗೆಯ ನರ ಉಬ್ಬುತ್ತದೆ. ಮರುಗಳಿಗೆಯಲ್ಲಿ ಮಗುವಿನ ಕಡೆ ತಿರುಗಿದರೆ ಅದೇ ಮುಖದ ಗೆರೆಗಳೆಲ್ಲ ಸಡಿಲವಾಗಿ ತಾಯಿಯೊಬ್ಬಳು ಕಾಣುತ್ತಾಳೆ. ಆಸ್ಪತ್ರೆಯಲ್ಲಿ ಮಗಳೆದುರೇ ಗಿನ್‌ನ ಸುಳ್ಳುಗಳನ್ನೆಲ್ಲ ಬಯಲಿಗೆಳೆದು ಅವನ ಮಾನ ಕಳೆಯುವ ದೃಶ್ಯದಲ್ಲಿ ನಗುವೂ ಅಳುವೂ ಒಟ್ಟಿಗೇ ಬರುವುದು ಈ ಗೆರೆಗಳಿಂದ, ಮತ್ತು ಯೋಶಿಯಾಕಿ ಉಮೆಗಾಕಿ ಅವರ ದನಿಯಿಂದ. ಡಬ್ಬಿಂಗ್ ಬೇಡ, ಜಪಾನೀ ದನಿಯಲ್ಲೇ ನೋಡಿ.

ಕೊನ್ 2010ರಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡಾಗ ಅವರಿಗೆ ಬರೀ 46 ವರ್ಷ. ಮುಗಿಸಿದ ಚಲನಚಿತ್ರಗಳು ನಾಲ್ಕೇ. ‘ಪರ್ಫೆಕ್ಟ್ ಬ್ಲೂ’, ‘ಪಪ್ರಿಕಾ’ಗಳಿಗೆ ಸಿಕ್ಕ ಗೌರವ ಇದಕ್ಕೆ ಸಿಕ್ಕಿಲ್ಲ. ಅವರ ಚಿತ್ರಗಳನ್ನು ಇನ್ನೂ ನೋಡದವರು ದಯವಿಟ್ಟು ಇದರಿಂದಲೇ ಶುರು ಮಾಡಿ. 92 ನಿಮಿಷ ಅಷ್ಟೆ. ಹೆಸರುಗಳ ಪಟ್ಟಿ ಬಂತೆಂದು ಎದ್ದುಬಿಡಬೇಡಿ. ಬೇತೊವನ್‌ನ ಒಂಬತ್ತನೇ ಸಿಂಫನಿಗೆ ಟೋಕಿಯೋದ ಕಟ್ಟಡಗಳು ಕುಣಿಯುವುದು ಆಮೇಲೆ.